ನೆಲಕಚ್ಚಿದ ರಿಯಲ್ ಎಸ್ಟೇಟ್ ಷೇರು: ಇಟ್ಟುಕೊಳ್ಳೋದಾ, ಇನ್ನಷ್ಟು ಕೊಳ್ಳೋದಾ, ಮಾರಿಬಿಡೋದಾ?

500 ರೂಪಾಯಿಯ ಷೇರು 50ಕ್ಕೆ ಬಂದಾಗ ಬಹಳ ಜನ ಕೇಳುವುದು ಒಂದೇ: ಇನ್ನೆಷ್ಟು ತಾನೇ ಇಳಿದೀತು? ಯೂನಿಟೆಕ್ ಅನ್ನುವ ಕಟ್ಟಡ ಕಂಪನಿಯ ಷೇರು ಇದಕ್ಕೆ ಉತ್ತರ ಕೊಟ್ಟಾಗಿದೆ. 2008ರ ಜನವರಿಯಲ್ಲಿ ಅದು 500 ರೂಪಾಯಿ ದಾಟಿತ್ತು. ಆ ವರ್ಷ ಮುಗಿಯುವ ಮೊದಲೇ 50ರ ಕೆಳಗೆ ಬಿತ್ತು. 'ಇಷ್ಟು ಅಗ್ಗಕ್ಕೆ ಮತ್ತೆ ಸಿಗಲ್ಲ' ಅಂತ ಆಗ ಕೊಂಡು ಹಾಗೇ ಇಟ್ಟುಕೊಂಡವರು ಮುಂದಿನ ವರ್ಷಗಳಲ್ಲಿ ಅದನ್ನು 5 ರೂಪಾಯಿಯ ಕೆಳಗೂ ನೋಡಿದರು. ಮೊದಲ ಸಲ ಹೋದದ್ದು 90 ಪರ್ಸೆಂಟ್. ಎರಡನೇ ಸಲವೂ 90 ಪರ್ಸೆಂಟ್. ಕೊನೆಗೆ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆಯ ಮೇಲೆ ಕೇಂದ್ರ ಸರ್ಕಾರ ನೇಮಿಸಿದ ಹೊಸ ಮಂಡಳಿ ಕಂಪನಿಯನ್ನು ಕೈಗೆ ತೆಗೆದುಕೊಂಡಿತು. ಆ ಮಂಡಳಿಯ ಮುಂದಿದ್ದ ಮೊದಲ ಕೆಲಸ ನಿಂತುಹೋದ ಮನೆಗಳನ್ನು ಕಟ್ಟಿಸುವುದು. ಷೇರು ಕೊಂಡವರ ದುಡ್ಡು ವಾಪಸ್ ತರಿಸುವುದು ಯಾರ ಪಟ್ಟಿಯಲ್ಲೂ ಮೊದಲಿರಲಿಲ್ಲ.

ಇಂಥ ಒಂದು ಷೇರು ನಿಮ್ಮ ಡಿಮ್ಯಾಟ್ ಖಾತೆಯಲ್ಲಿ ನಷ್ಟ ತೋರಿಸುತ್ತ ಕೆಂಪು ಬಣ್ಣದಲ್ಲಿ ಕೂತಿದೆ ಅಂದುಕೊಳ್ಳಿ. ಅಥವಾ ಬೆಲೆ ನೋಡಿ ಈಗ ಕೊಳ್ಳೋಣ ಅನ್ನಿಸುತ್ತಿದೆ. ನಿಮ್ಮ ಮುಂದಿರುವ ದಾರಿಗಳು ಹೆಚ್ಚಿಲ್ಲ. ಸುಮ್ನೆ ಇಟ್ಟುಕೊಳ್ಳಬಹುದು. ಇನ್ನಷ್ಟು ಕೊಂಡು ಆವರೇಜ್ ಮಾಡಬಹುದು, ಅಂದರೆ ಕೊಂಡ ಸರಾಸರಿ ಬೆಲೆ ಇಳಿಸಬಹುದು. ಮಾರಿ ಹೊರಬರಬಹುದು. ಆ ಹಣವನ್ನು ಇದೇ ಕ್ಷೇತ್ರದ ಗಟ್ಟಿ ಕಂಪನಿಗೋ ರೀಟ್‌ಗೋ (ಬಾಡಿಗೆ ತರುವ ಕಟ್ಟಡಗಳನ್ನು ಇಟ್ಟುಕೊಂಡು ಆದಾಯ ಹಂಚುವ ಟ್ರಸ್ಟ್) ಹಾಕಬಹುದು. ಷೇರಿನ ಬದಲು ಅದೇ ಕಂಪನಿಯ ಸಾಲಪತ್ರ, ಅಂದರೆ ಕಂಪನಿಗೆ ಬಡ್ಡಿಗೆ ಸಾಲ ಕೊಟ್ಟದ್ದರ ಪತ್ರ, ಕೊಳ್ಳಬಹುದು. ಇವನ್ನು ಹೋಲಿಸುವಾಗ ಷೇರು ಎಷ್ಟು ಬಿದ್ದಿದೆ ಅನ್ನುವುದನ್ನು ಪಕ್ಕಕ್ಕಿಡಿ. ಎರಡು ವಿಷಯ ಸಾಕು: ದುಡ್ಡು ಹಂಚುವಾಗ ಸರದಿಯಲ್ಲಿ ನಿಮ್ಮ ಮುಂದೆ ಯಾರ್ಯಾರು ನಿಂತಿದ್ದಾರೆ, ಮತ್ತು ಕಂಪನಿ ಮುಂದಿನ ಸಾಲ ಯಾವಾಗ ತೀರಿಸಬೇಕು.

ಸರದಿಯ ಕೊನೆಯಲ್ಲಿ ನಾವು

ಒಂದು ಲೆಕ್ಕ ನೋಡಿ. ಕಂಪನಿಯ ಜಮೀನು, ಕಟ್ಟಡ ಎಲ್ಲ ಸೇರಿ 1,000 ಕೋಟಿ. ಸಾಲ 900 ಕೋಟಿ. ಷೇರುದಾರರಿಗೆ ಉಳಿದದ್ದು 100 ಕೋಟಿ. ಆಸ್ತಿಯ ಬೆಲೆ 10 ಪರ್ಸೆಂಟ್ ಏರಿದರೆ ಆ 100 ಕೋಟಿ 200 ಆಗುತ್ತದೆ. 10 ಪರ್ಸೆಂಟ್ ಇಳಿದರೆ ಸೊನ್ನೆ. ಸಾಲ ಮಾತ್ರ 900 ಕೋಟಿಯಲ್ಲೇ ನಿಂತಿರುತ್ತದೆ, ಮೇಲೆ ಬಡ್ಡಿ ಬೇರೆ. ಕಷ್ಟದಲ್ಲಿರುವ ಕಂಪನಿಯ ಷೇರು ಒಂದು ಸುದ್ದಿಗೆ ಹಾರುವುದು, ಇನ್ನೊಂದು ಸುದ್ದಿಗೆ ಕುಸಿಯುವುದು ಇದೇ ಕಾರಣಕ್ಕೆ. ಆಸ್ತಿಯ ಸಣ್ಣ ಏರಿಳಿತವನ್ನೆಲ್ಲ ಮೊದಲು ಹೊರುವವರು ನಾವು.

'ಕಂಪನಿಗೆ ಸಾವಿರಾರು ಕೋಟಿಯ ಜಮೀನಿದೆ, ಷೇರಿಗೆ ಏನೂ ಆಗಲ್ಲ' ಅನ್ನುವ ಮಾತು ಆಗಾಗ ಕೇಳುತ್ತೀರಿ. ಜಮೀನು ಇರಬಹುದು. ಅದರ ಮೇಲೆ ಹಕ್ಕು ಯಾರದ್ದು ಅನ್ನುವುದೇ ಪ್ರಶ್ನೆ. ಬ್ಯಾಂಕಿಗೆ ಅಡವಿಟ್ಟ ಜಮೀನು ಮೊದಲು ಬ್ಯಾಂಕಿನದ್ದು. ಜಂಟಿ ಅಭಿವೃದ್ಧಿ ಒಪ್ಪಂದದ (ಜಮೀನು ಒಬ್ಬರದ್ದು, ಕಟ್ಟುವವರು ಇನ್ನೊಬ್ಬರು) ಜಮೀನು ಆಮೇಲೂ ಮೂಲ ಮಾಲೀಕರ ಹೆಸರಿನಲ್ಲೇ ಇರಬಹುದು. ಮುಂಗಡ ಕೊಟ್ಟು ಇನ್ನೂ ನೋಂದಣಿ ಆಗದ ಜಮೀನನ್ನೂ ಕೆಲವರು ತಮ್ಮ ಭೂಮಿಯ ಲೆಕ್ಕಕ್ಕೆ ಸೇರಿಸಿ ಹೇಳುತ್ತಾರೆ.

ಕಂಪನಿ ಮುಳುಗಿ ಆಸ್ತಿ ಮಾರುವ ಹಂತಕ್ಕೆ ಬಂದರೆ ಹಣ ಹೇಗೆ ಹಂಚಬೇಕು ಅಂತ ದಿವಾಳಿ ಸಂಹಿತೆಯ 53ನೇ ಸೆಕ್ಷನ್ ಹೇಳುತ್ತದೆ. ಮೊದಲು ದಿವಾಳಿ ಪ್ರಕ್ರಿಯೆಯ ಖರ್ಚು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಆಸ್ತಿ ಅಡವಿಟ್ಟುಕೊಂಡು ಸಾಲ ಕೊಟ್ಟವರು, ಇಬ್ಬರೂ ಒಂದೇ ಮೆಟ್ಟಿಲಲ್ಲಿ. ನಂತರ ಉಳಿದ ನೌಕರರ 12 ತಿಂಗಳ ಸಂಬಳ. ಅದಾದ ಮೇಲೆ ಅಡಮಾನ ಇಲ್ಲದೆ ಸಾಲ ಕೊಟ್ಟವರು. ಆಮೇಲೆ ಸರ್ಕಾರದ ಬಾಕಿ, ಉಳಿದ ಬಾಕಿಗಳು, ಪ್ರಿಫರೆನ್ಸ್ (ಆದ್ಯತೆಯ) ಷೇರುದಾರರು. ಎಲ್ಲರದ್ದೂ ಮುಗಿದು ಏನಾದರೂ ಉಳಿದರೆ ಸಾಮಾನ್ಯ ಷೇರುದಾರರು, ಅಂದರೆ ನಾವು.

ಕಟ್ಟಡ ಕಂಪನಿಗಳಲ್ಲಿ ಈ ಸರದಿ ಇನ್ನೂ ಉದ್ದ. 2018ರ ತಿದ್ದುಪಡಿಯ ನಂತರ ಮನೆ ಬುಕ್ ಮಾಡಿ ದುಡ್ಡು ಕಟ್ಟಿದವರನ್ನೂ ಕಾನೂನು ಹಣಕಾಸು ಸಾಲ ಕೊಟ್ಟವರೆಂದೇ ನೋಡುತ್ತದೆ. 2019ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ನ್ಯಾಯವಾಗಿಯೇ ಇದೆ, ಜೀವಮಾನದ ಉಳಿತಾಯ ಹಾಕಿದವರು ಅವರು. ಷೇರುದಾರರ ಲೆಕ್ಕದಲ್ಲಿ ಮಾತ್ರ, ಮುಂದೆ ಇನ್ನೂ ಕೆಲವು ಸಾವಿರ ಜನ ನಿಂತ ಹಾಗಾಯಿತು. ಜೇಪೀ ಇನ್‌ಫ್ರಾಟೆಕ್ ಪ್ರಕರಣದಲ್ಲಿ ಸುಮಾರು 20,000 ಮನೆ ಖರೀದಿದಾರರಿದ್ದರು. 2017ರ ಆಗಸ್ಟ್‌ನಲ್ಲಿ ಶುರುವಾದ ದಿವಾಳಿ ಪ್ರಕ್ರಿಯೆಯಲ್ಲಿ ಸುರಕ್ಷಾ ಗುಂಪಿನ ಯೋಜನೆಗೆ ಕಂಪನಿ ನ್ಯಾಯಮಂಡಳಿ ಒಪ್ಪಿಗೆ ಕೊಟ್ಟದ್ದು 2023ರ ಮಾರ್ಚ್‌ನಲ್ಲಿ. ಕಾನೂನು ಕೊಟ್ಟ ಗಡುವು 330 ದಿನ. ಹಿಡಿದದ್ದು ಐದು ವರ್ಷಕ್ಕೂ ಜಾಸ್ತಿ.

ಇನ್ನೊಂದು ಘಟನೆ ಗೃಹಸಾಲ ಕೊಡುವ ಡಿಎಚ್‌ಎಫ್‌ಎಲ್‌ನದ್ದು. ಅದು ಕಟ್ಟಡ ಕಟ್ಟುವ ಕಂಪನಿ ಅಲ್ಲ, ಆದರೂ ಪಾಠ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. 2021ರ ಜೂನ್‌ನಲ್ಲಿ ಪಿರಾಮಲ್ ಗುಂಪು ಅದನ್ನು ಕೊಳ್ಳುವ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಸುದ್ದಿ ಬಂದದ್ದೇ ತಡ, ಷೇರು ಅಪ್ಪರ್ ಸರ್ಕ್ಯೂಟ್ (ಒಂದು ದಿನದಲ್ಲಿ ಏರಲು ಬಿಡುವ ಮಿತಿ) ಹೊಡೆಯಿತು. ದೊಡ್ಡ ಗುಂಪು ಬಂತು, ಕಂಪನಿ ಉಳಿಯಿತು ಅಂತ ಜನ ಕೊಂಡರು. ಕಂಪನಿ ಉಳಿದದ್ದು ನಿಜ. ಆದರೆ ಅದೇ ಯೋಜನೆಯಲ್ಲಿ ಹಳೆಯ ಷೇರಿನ ಬೆಲೆ ಸೊನ್ನೆ ಅಂತ ಬರೆದಿತ್ತು. ಕೆಲವೇ ದಿನಗಳಲ್ಲಿ ವಹಿವಾಟು ನಿಂತಿತು, ಷೇರು ಪಟ್ಟಿಯಿಂದಲೇ ಹೋಯಿತು. ಕಂಪನಿಗೆ ಒಳ್ಳೆಯದಾದರೆ ಷೇರಿಗೂ ಒಳ್ಳೆಯದಾಗಬೇಕು ಅನ್ನುವುದು ಸಹಜ ಲೆಕ್ಕ, ಅಲ್ವಾ? ದಿವಾಳಿಯ ಹತ್ತಿರ ಬಂದ ಕಂಪನಿಗೆ ಆ ಲೆಕ್ಕ ಹೊಂದುವುದಿಲ್ಲ.

ಕಷ್ಟದಲ್ಲೂ ಎರಡು ಬಗೆ

ಹಾಗಾದರೆ ಬಿದ್ದ ಷೇರು ಎಲ್ಲವೂ ಸಾಯುತ್ತವಾ? ಇಲ್ಲ. ಇಲ್ಲಿ ನಿಧಾನವಾಗಿ ನೋಡಬೇಕು, ಯಾಕಂದರೆ ಮೇಲಿಂದ ಒಂದೇ ಥರ ಕಾಣುವ ಎರಡು ಕಾಯಿಲೆಗಳಿವೆ. ಒಂದರಲ್ಲಿ ಆಸ್ತಿ ಗಟ್ಟಿಯಾಗಿದೆ, ಬಾಡಿಗೆ ಬರುತ್ತಿದೆ, ಆದರೆ ಸಾಲ ತೀರಿಸುವ ದಿನ ಕೈಯಲ್ಲಿ ನಗದು ಇಲ್ಲ. ಇನ್ನೊಂದರಲ್ಲಿ ಸಾಲವೇ ಆಸ್ತಿಗಿಂತ ದೊಡ್ಡದು. ಮೊದಲನೆಯದಕ್ಕೆ ಸಮಯ ಮದ್ದು. ಎರಡನೆಯದಕ್ಕೆ ಸಮಯವೇ ವಿಷ, ಯಾಕಂದರೆ ದಿನ ಕಳೆದಷ್ಟೂ ಬಡ್ಡಿ ಬೆಳೆಯುತ್ತದೆ.

ಮೊದಲ ಬಗೆಗೆ ಜಗತ್ತಿನಲ್ಲೇ ಹೆಸರಾದ ಉದಾಹರಣೆ ಅಮೆರಿಕದ ಜನರಲ್ ಗ್ರೋತ್ ಪ್ರಾಪರ್ಟೀಸ್. 200ಕ್ಕೂ ಹೆಚ್ಚು ಮಾಲ್‌ಗಳಿದ್ದ ಕಂಪನಿ. ಸುಮಾರು 27 ಬಿಲಿಯನ್ ಡಾಲರ್ ಸಾಲ. 2008ರ ಬಿಕ್ಕಟ್ಟಿನಲ್ಲಿ ಸಾಲದ ಮಾರುಕಟ್ಟೆ ಹೆಪ್ಪುಗಟ್ಟಿತು. ಹಳೆ ಸಾಲ ತೀರಿಸಲು ಹೊಸ ಸಾಲ ಸಿಗದೆ 2009ರ ಏಪ್ರಿಲ್‌ನಲ್ಲಿ ಕಂಪನಿ ದಿವಾಳಿ ರಕ್ಷಣೆ ಕೇಳಿತು. ಷೇರು ಒಂದು ಡಾಲರಿಗಿಂತ ಕೆಳಗೆ ಬಿದ್ದಿತ್ತು. ಆದರೆ ಮಾಲ್‌ಗಳು ತುಂಬಿದ್ದವು, ಬಾಡಿಗೆ ಬರುತ್ತಲೇ ಇತ್ತು. ಕೋರ್ಟ್ ರಕ್ಷಣೆಯಲ್ಲಿ ಸಾಲದ ಅವಧಿಗಳು ಮುಂದಕ್ಕೆ ಹೋದವು, ಹೊಸ ಬಂಡವಾಳ ಬಂತು. 2010ರ ನವೆಂಬರ್‌ನಲ್ಲಿ ಕಂಪನಿ ಹೊರಬಂದಾಗ ಹಳೆ ಷೇರುದಾರರ ಕೈಯಲ್ಲಿದ್ದದ್ದು ಹತ್ತು ಡಾಲರಿಗೂ ಜಾಸ್ತಿ ಬೆಲೆಯ ಷೇರು. ಇದನ್ನೇ ಹೇಳಿ ಹೇಳಿ 'ದಿವಾಳಿ ಷೇರಿನಲ್ಲಿ ಚಿನ್ನ ಇದೆ' ಅನ್ನುವವರು ಇವತ್ತಿಗೂ ಇದ್ದಾರೆ.

ಅವರು ಬ್ರಿಟನ್ನಿನ ಇಂಟು ಕಂಪನಿಯ ಹೆಸರು ಹೇಳುವುದಿಲ್ಲ. ಅದೂ ಮಾಲ್ ಕಂಪನಿಯೇ. ಮ್ಯಾಂಚೆಸ್ಟರ್‌ನ ಟ್ರಾಫರ್ಡ್ ಸೆಂಟರ್ ಅದರದ್ದಾಗಿತ್ತು. ಆನ್‌ಲೈನ್ ವ್ಯಾಪಾರದಿಂದ ಅಂಗಡಿಗಳು ಸೊರಗಿ, ಬಾಡಿಗೆಯೂ ಮಾಲ್‌ಗಳ ಬೆಲೆಯೂ ಒಟ್ಟಿಗೆ ಇಳಿಯುತ್ತಿದ್ದವು. 2020ರ ಆರಂಭದಲ್ಲಿ ಹೊಸ ಷೇರು ಮಾರಿ ಬಂಡವಾಳ ಎತ್ತಲು ಹೋದರೆ ಕೊಡುವವರು ಸಿಗಲಿಲ್ಲ. ಅದೇ ಜೂನ್‌ನಲ್ಲಿ ಕಂಪನಿ ಆಡಳಿತಾಧಿಕಾರಿಗಳ ಕೈಗೆ ಹೋಯಿತು, ಷೇರುದಾರರಿಗೆ ಏನೂ ಉಳಿಯಲಿಲ್ಲ. ಎರಡೂ ಮಾಲ್ ಕಂಪನಿ, ಎರಡರ ಷೇರೂ ಚಿಲ್ಲರೆ ಕಾಸಿಗೆ ಬಿದ್ದಿತ್ತು. ಒಂದರ ಕಟ್ಟಡಗಳು ಸಾಲಕ್ಕಿಂತ ಹೆಚ್ಚು ಬಾಳುತ್ತಿದ್ದವು, ಇನ್ನೊಂದರವು ಬಾಳುತ್ತಿರಲಿಲ್ಲ.

ನಮ್ಮಲ್ಲಿ ಮೊದಲ ಬಗೆಗೆ ಹತ್ತಿರ ಬರುವುದು ಡಿಎಲ್‌ಎಫ್. 2007ರಲ್ಲಿ 525 ರೂಪಾಯಿಗೆ ಐಪಿಒ (ಮೊದಲ ಸಲದ ಸಾರ್ವಜನಿಕ ಷೇರು ಮಾರಾಟ) ಬಂತು. 2008ರ ಆರಂಭದಲ್ಲಿ ಸಾವಿರ ದಾಟಿತು, ಆಮೇಲೆ ಬಿತ್ತು, ವರ್ಷಗಟ್ಟಲೆ ಸಾಲದ ಭಾರದಲ್ಲಿ ಏಳಲೇ ಇಲ್ಲ. ಅದನ್ನು ಉಳಿಸಿದ್ದು ಬಾಡಿಗೆ ಬರುವ ಕಚೇರಿ ಕಟ್ಟಡಗಳು. 2017ರ ಕೊನೆಗೆ ಬಾಡಿಗೆ ವ್ಯವಹಾರದ ಅಂಗಸಂಸ್ಥೆಯಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಸಿಂಗಪುರ ಸರ್ಕಾರದ ಹೂಡಿಕೆ ಸಂಸ್ಥೆ ಜಿಐಸಿ ಕೊಂಡಿತು. ಪಾಲು ಮಾರಿದ ಪ್ರವರ್ತಕರು (ಕಂಪನಿ ನಡೆಸುವ ಮಾಲೀಕರು) ಆ ಹಣವನ್ನು ಮೂಲ ಕಂಪನಿಗೆ ತಂದು ಹಾಕಿದರು, ಸಾಲ ಕರಗಿತು. ಹಾಗಿದ್ದೂ, 2008ರಲ್ಲಿ ಕಳೆದುಕೊಂಡ ಆ 525 ರೂಪಾಯಿಗೆ ಷೇರು ಮರಳಲು ಸುಮಾರು 15 ವರ್ಷ ಬೇಕಾಯಿತು. ಗೆದ್ದ ಕಂಪನಿಯ ಕಥೆಯೇ ಹೀಗೆ. ಇಡೀ ಕ್ಷೇತ್ರವನ್ನು ನೋಡಿದರೂ ಅಷ್ಟೇ: ನಿಫ್ಟಿ ರಿಯಾಲ್ಟಿ ಸೂಚ್ಯಂಕ 2008ರ ಜನವರಿಯಲ್ಲಿ ಮುಟ್ಟಿದ ಎತ್ತರವನ್ನು 2024ರ ಭರಾಟೆಯಲ್ಲೂ ಮುಟ್ಟಲಿಲ್ಲ.

ಎರಡನೇ ಬಗೆಯ ಕೊನೆ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಚೀನಾದ ಕಟ್ಟಡ ಕಂಪನಿ ಎವರ್‌ಗ್ರಾಂಡ್ ತೋರಿಸಿತು. ಹೊಣೆ 300 ಬಿಲಿಯನ್ ಡಾಲರಿಗೂ ಹೆಚ್ಚು. 2021ರ ಡಿಸೆಂಬರ್‌ನಲ್ಲಿ ಸಾಲ ತಪ್ಪಿತು. 2022ರ ಮಾರ್ಚ್‌ನಿಂದ ಸುಮಾರು 17 ತಿಂಗಳು ಹಾಂಗ್‌ಕಾಂಗ್‌ನಲ್ಲಿ ಷೇರಿನ ವಹಿವಾಟೇ ನಿಂತಿತ್ತು. ಮತ್ತೆ ಶುರುವಾದ ದಿನ ಒಂದೇ ಸಲಕ್ಕೆ ಮುಕ್ಕಾಲು ಭಾಗಕ್ಕೂ ಹೆಚ್ಚು ಬೆಲೆ ಹೋಯಿತು. 2024ರ ಜನವರಿಯಲ್ಲಿ ಕೋರ್ಟ್ ಕಂಪನಿ ಮುಚ್ಚಲು ಆದೇಶಿಸಿತು. 2025ರ ಆಗಸ್ಟ್‌ನಲ್ಲಿ ಷೇರು ಪಟ್ಟಿಯಿಂದ ಹೊರಗೆ. ಇದರಲ್ಲಿ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಬೇರೆ ವಿಷಯ. 2019 ಮತ್ತು 2020ರಲ್ಲಿ ಕಂಪನಿ ತನ್ನ ಆದಾಯವನ್ನು ಒಟ್ಟು 560 ಬಿಲಿಯನ್ ಯುವಾನ್‌ಗೂ ಹೆಚ್ಚು ಉಬ್ಬಿಸಿ ತೋರಿಸಿತ್ತು ಅಂತ ಚೀನಾದ ನಿಯಂತ್ರಕರು 2024ರಲ್ಲಿ ಹೇಳಿದರು. ಅಂದರೆ ಆ ವರ್ಷಗಳಲ್ಲಿ ವಾರ್ಷಿಕ ವರದಿ ಓದಿ, ಲೆಕ್ಕ ಹಾಕಿ, ಜಾಗ್ರತೆಯಿಂದ ಷೇರು ಕೊಂಡವರಿಗೂ ಮೋಸವೇ ಆಗಿತ್ತು.

ನಿಮ್ಮ ಕಂಪನಿ ಯಾವ ಬಗೆಯದು?

ಇದನ್ನು ಷೇರಿನ ಚಾರ್ಟ್ ಹೇಳುವುದಿಲ್ಲ. ಲಾಭ-ನಷ್ಟದ ಸಾಲೂ ಸರಿಯಾಗಿ ಹೇಳುವುದಿಲ್ಲ. 2018ರ ಏಪ್ರಿಲ್‌ನಿಂದ ಬಂದ ಲೆಕ್ಕಪತ್ರ ನಿಯಮದಿಂದಾಗಿ ಬಹುತೇಕ ವಸತಿ ಯೋಜನೆಗಳ ಆದಾಯ ಲೆಕ್ಕಕ್ಕೆ ಬರುವುದು ಮನೆ ಪೂರ್ತಿಯಾಗಿ ಹಸ್ತಾಂತರ ಆಗುವ ಹೊತ್ತಿಗೆ. ಹಾಗಾಗಿ ಒಂದು ತ್ರೈಮಾಸಿಕದಲ್ಲಿ ದೊಡ್ಡ ಲಾಭ ಕಂಡರೆ ಅದು ನಾಲ್ಕು ವರ್ಷದ ಹಿಂದೆ ಮಾರಿದ ಮನೆಯದ್ದಿರಬಹುದು. ಈಗ ಹೊಸ ಬುಕಿಂಗ್ ನಿಂತೇ ಹೋಗಿರಬಹುದು. ಆದ್ದರಿಂದ ಬುಕಿಂಗ್ ಎಷ್ಟು, ಅದರಲ್ಲಿ ಕೈಗೆ ಬಂದ ಹಣ ಎಷ್ಟು, ನಿವ್ವಳ ಸಾಲ ಎಷ್ಟು, ಇವನ್ನು ನೋಡಿ. ಬುಕಿಂಗ್ ಏರುತ್ತಿದ್ದು ವಸೂಲಿ ಇಳಿಯುತ್ತಿದ್ದರೆ ಎಲ್ಲೋ ಕೆಲಸ ನಿಂತಿದೆ ಅಂತಲೇ ಇಟ್ಟುಕೊಳ್ಳಿ, ಯಾಕಂದರೆ ಕಟ್ಟಡ ಮೇಲೇರಿದ ಹಾಗೆ ಕಂತು ಬರುವುದು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಬ್ಯಾಲೆನ್ಸ್ ಶೀಟ್‌ನಲ್ಲಿ 400 ಕೋಟಿ ನಗದು ಕಂಡ ತಕ್ಷಣ ಅದರಿಂದ ಸಾಲ ತೀರುತ್ತದೆ ಅಂದುಕೊಳ್ಳಬೇಡಿ. ರೇರಾ, ಅಂದರೆ ಮನೆ ಖರೀದಿದಾರರ ರಕ್ಷಣೆಗೆ ಬಂದ ರಿಯಲ್ ಎಸ್ಟೇಟ್ ಕಾನೂನಿನ ಪ್ರಕಾರ ಖರೀದಿದಾರರಿಂದ ಬಂದ ಹಣದ 70 ಪರ್ಸೆಂಟನ್ನು ಆ ಯೋಜನೆಯ ಪ್ರತ್ಯೇಕ ಖಾತೆಯಲ್ಲೇ ಇಡಬೇಕು. ಆ ಯೋಜನೆಯ ಜಮೀನು ಮತ್ತು ಕಟ್ಟಡದ ಖರ್ಚಿಗೆ ಮಾತ್ರ ಅದು ಬಳಕೆ. ಅದನ್ನು ತೆಗೆದು ಬೇರೆ ಕಡೆಯ ಹಳೆ ಸಾಲಕ್ಕೆ ಸುರಿಯುವ ಹಾಗಿಲ್ಲ. ಹಾಗೇ, ರೇರಾ ಜಾಲತಾಣ ಹೂಡಿಕೆದಾರರಿಗೂ ಒಳ್ಳೆಯ ಕಿಟಕಿ. ಯೋಜನೆ ಮುಗಿಸುವ ದಿನಾಂಕ ಎಷ್ಟು ಸಲ ಮುಂದೆ ಹೋಗಿದೆ, ಮೂರು ತಿಂಗಳಿಗೊಮ್ಮೆ ಕೊಡಬೇಕಾದ ವಿವರ ಕೊಟ್ಟಿದ್ದಾರಾ, ಎಷ್ಟು ದೂರುಗಳಿವೆ ಅಂತ ಅಲ್ಲಿ ನೋಡಬಹುದು. ಮನೆ ಕೊಳ್ಳುವವರು ಇದನ್ನು ನೋಡುತ್ತಾರೆ, ಷೇರು ಕೊಳ್ಳುವವರು ಯಾಕೋ ನೋಡುವುದೇ ಇಲ್ಲ.

ಪ್ರವರ್ತಕರು ಸಾಲಕ್ಕೆ ಅಡವಿಟ್ಟ ಷೇರಿನ ಲೆಕ್ಕ ಪ್ರತಿ ತ್ರೈಮಾಸಿಕದ ಷೇರುದಾರರ ಪಟ್ಟಿಯಲ್ಲೇ ಇರುತ್ತದೆ. ತಮ್ಮ ಪಾಲಿನ ಅರ್ಧಕ್ಕಿಂತ ಹೆಚ್ಚು ಷೇರನ್ನು ಅಡವಿಟ್ಟಿದ್ದರೆ ಅದರ ಕಾರಣವನ್ನೂ ಷೇರು ವಿನಿಮಯ ಕೇಂದ್ರಕ್ಕೆ ಹೇಳಬೇಕು. ಷೇರು ಇಳಿದರೆ ಸಾಲ ಕೊಟ್ಟವರು ಇನ್ನಷ್ಟು ಅಡವು ಕೇಳುತ್ತಾರೆ. ಕೊಡಲಾಗದಿದ್ದರೆ ಇದ್ದದ್ದನ್ನು ಮಾರುಕಟ್ಟೆಗೆ ಸುರಿಯುತ್ತಾರೆ, ಷೇರು ಇನ್ನೂ ಇಳಿಯುತ್ತದೆ. ಕಾರಣ ಗೊತ್ತಾಗದೆ ದಿನಾ ಲೋವರ್ ಸರ್ಕ್ಯೂಟ್ (ದಿನದ ಇಳಿಕೆಯ ಮಿತಿ) ಬೀಳುತ್ತಿದ್ದರೆ ಮೊದಲು ಈ ಕಾಲಂ ತೆಗೆದು ನೋಡಿ.

ಆಡಿಟರ್ ವರದಿಯಲ್ಲಿ 'ಗೋಯಿಂಗ್ ಕನ್ಸರ್ನ್' ಬಗ್ಗೆ ಅನುಮಾನ ಬರೆದಿದ್ದರೆ ಅದನ್ನು ಎರಡು ಸಲ ಓದಿ. ಕಂಪನಿ ಮುಂದೆ ನಡೆದೀತಾ ಅನ್ನುವುದೇ ಖಾತ್ರಿಯಿಲ್ಲ ಅಂತ ಆಡಿಟರ್ ಮೆಲ್ಲಗೆ ಹೇಳುವ ರೀತಿ ಅದು. ಅವಧಿ ಮುಗಿಯುವ ಮೊದಲೇ ಆಡಿಟರ್ ರಾಜೀನಾಮೆ ಕೊಟ್ಟರೆ ನಾನಂತೂ ಕಾರಣದ ಪತ್ರವನ್ನೂ ಕಾಯುವುದಿಲ್ಲ. ಸಾಲ ತೀರಿಸುವ ಶಕ್ತಿಯನ್ನು ಅಳೆಯುವ ರೇಟಿಂಗ್ ಪತ್ರದಲ್ಲಿ 'ಡಿ' ಇದ್ದರೆ ಸಾಲ ತಪ್ಪಿದೆ ಎಂದರ್ಥ. 'ಇಶ್ಯುಯರ್ ನಾಟ್ ಕೋಆಪರೇಟಿಂಗ್' ಅಂತ ಬರೆದಿದ್ದರೆ ರೇಟಿಂಗ್ ಸಂಸ್ಥೆಗೂ ಕಂಪನಿ ಮಾಹಿತಿ ಕೊಡುತ್ತಿಲ್ಲ. ಅವರಿಗೇ ಕೊಡದವರು ನಮಗೆ ಕೊಡುತ್ತಾರಾ? ಇನ್ನು, ಬ್ಯಾಂಕ್ ಸಾಲದ ಕಂತು ತಪ್ಪಿ 30 ದಿನ ದಾಟಿದರೆ 24 ಗಂಟೆಯೊಳಗೆ ವಿನಿಮಯ ಕೇಂದ್ರಕ್ಕೆ ತಿಳಿಸಬೇಕು ಅಂತ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮ 2020ರಿಂದ ಇದೆ. ಕಂಪನಿಯ ಹೆಸರು ಹಾಕಿ ಈ ಪ್ರಕಟಣೆಗಳನ್ನು ಬಿಎಸ್‌ಇ, ಎನ್‌ಎಸ್‌ಇ ಜಾಲತಾಣಗಳಲ್ಲಿ ಪುಕ್ಕಟೆ ಓದಬಹುದು.

ಇಷ್ಟೆಲ್ಲ ನೋಡಲು ಪುರುಸೊತ್ತಿಲ್ಲ ಅನ್ನುವವರು ಒಂದೇ ಕೆಲಸ ಮಾಡಿ. ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ ಯಾವ ಸಾಲ ಯಾವಾಗ ತೀರಬೇಕು ಅನ್ನುವ ಪಟ್ಟಿ ಇರುತ್ತದೆ. ಮುಂದಿನ 12 ತಿಂಗಳಲ್ಲಿ ತೀರಿಸಬೇಕಾದ ಮೊತ್ತವನ್ನು ಕಳೆದ ವರ್ಷ ವ್ಯವಹಾರದಿಂದ ಬಂದ ನಗದಿನ ಪಕ್ಕ ಇಡಿ. ಮೊದಲನೆಯದು ಎರಡನೆಯದರ ಹಲವು ಪಟ್ಟು ಇದ್ದರೆ ಕಂಪನಿಯ ಭವಿಷ್ಯ ಬ್ಯಾಂಕಿನವರ ಮನಸ್ಸಿನಲ್ಲಿದೆ, ಮಾಲೀಕರ ಕೈಯಲ್ಲಿಲ್ಲ.

ಈಗ ದಾರಿಗಳನ್ನು ಪಕ್ಕಪಕ್ಕ ಇಡೋಣ

ಇಟ್ಟುಕೊಳ್ಳುವುದು. ಮೊದಲ ಬಗೆಯ ಕಂಪನಿಯಾದರೆ ಇದಕ್ಕೆ ಅರ್ಥವಿದೆ: ಬಾಡಿಗೆ ಬರುತ್ತಿರಬೇಕು, ಕಂಪನಿ ಆಸ್ತಿ ಮಾರಿ ಸಾಲ ಇಳಿಸುತ್ತಿರಬೇಕು, ಪ್ರವರ್ತಕರು ತಮ್ಮ ದುಡ್ಡು ಹಾಕುತ್ತಿರಬೇಕು. ಆದರೂ ಒಂದು ನಷ್ಟಕ್ಕೆ ಸಿದ್ಧರಿರಿ. ಕಂಪನಿ ಉಳಿಯುವುದು ಸಾಮಾನ್ಯವಾಗಿ ಹೊಸ ಷೇರು ಹೊರಡಿಸಿ. ದೊಡ್ಡ ಹೂಡಿಕೆದಾರರಿಗೆ ಕಡಿಮೆ ಬೆಲೆಗೆ ಷೇರು ಕೊಡಬಹುದು, ಬ್ಯಾಂಕಿನ ಸಾಲವನ್ನೇ ಷೇರಾಗಿ ಬದಲಿಸಬಹುದು. ಷೇರುಗಳ ಸಂಖ್ಯೆ ಮೂರು ಪಟ್ಟಾದರೆ ಕಂಪನಿ ಪೂರ್ತಿ ಚೇತರಿಸಿಕೊಂಡರೂ ನಿಮ್ಮ ಷೇರಿಗೆ ಬರುವುದು ಹಳೆಯದರ ಮೂರನೇ ಒಂದು ಪಾಲು. 'ಹಳೆ ಬೆಲೆಗೆ ಬಂದೇ ಬರುತ್ತೆ' ಅನ್ನುವವರು ಈ ಭಾಗಾಕಾರ ಮಾಡಿರುವುದಿಲ್ಲ.

ಎರಡನೇ ಬಗೆಯ ಕಂಪನಿಯಾದರೆ ಇಟ್ಟುಕೊಳ್ಳುವುದಕ್ಕೆ ನನಗೆ ಒಂದೂ ಕಾರಣ ಕಾಣುವುದಿಲ್ಲ.

ಆವರೇಜ್ ಮಾಡುವುದು. ಇದು ಎಲ್ಲಕ್ಕಿಂತ ಜಾಸ್ತಿ ಜನರನ್ನು ಸೆಳೆಯುವ ದಾರಿ, ಮತ್ತು ಎಲ್ಲಕ್ಕಿಂತ ಅಪಾಯದ್ದು. 100 ರೂಪಾಯಿಗೆ 100 ಷೇರು ಕೊಂಡಿದ್ದೀರಿ. ಬೆಲೆ 20 ಆಯಿತು. ಇನ್ನೂ 10,000 ಹಾಕಿದರೆ 500 ಷೇರು ಬರುತ್ತದೆ, ಸರಾಸರಿ 33 ರೂಪಾಯಿ ಚಿಲ್ಲರೆಗೆ ಇಳಿಯುತ್ತದೆ. ಪರದೆಯಲ್ಲಿ ಚೆಂದ ಕಾಣುತ್ತದೆ. ನಡೆದದ್ದು ಏನೆಂದರೆ, ಸರದಿಯ ಕೊನೆಯಲ್ಲಿ ನಿಂತ ಹಣ 10,000 ಇದ್ದದ್ದು 20,000 ಆಯಿತು. ಇಂಡೆಕ್ಸ್ ಫಂಡ್ (ಸೂಚ್ಯಂಕದ ಎಲ್ಲ ಕಂಪನಿಗಳಲ್ಲಿ ಹಣ ಹಾಕುವ ಫಂಡ್) ಬಿದ್ದಾಗ ಇನ್ನಷ್ಟು ಕೊಳ್ಳುವುದು ಬೇರೆ ಮಾತು. ಅದರಲ್ಲಿ ಸತ್ತ ಕಂಪನಿ ಹೊರಗೆ ಹೋಗಿ ಬೇರೆಯದು ಒಳಗೆ ಬರುತ್ತದೆ. ಒಂದೇ ಕಂಪನಿಯಲ್ಲಿ ಆ ಸೌಲಭ್ಯ ಇಲ್ಲ. ಆವರೇಜ್ ಮಾಡಲೇಬೇಕು ಅನ್ನಿಸಿದರೆ ಹೀಗೆ ಕೇಳಿಕೊಳ್ಳಿ: ಈ ಷೇರು ನನ್ನ ಹತ್ತಿರ ಇಲ್ಲವೇ ಇಲ್ಲ ಅಂದಿದ್ದರೆ, ಇವತ್ತಿನ ಬೆಲೆಗೆ, ಇವತ್ತಿನ ಸಾಲ ನೋಡಿ, ಹೊಸದಾಗಿ ಕೊಳ್ಳುತ್ತಿದ್ದೆನಾ?

ರೈಟ್ಸ್ ಇಶ್ಯೂ (ಇದ್ದ ಷೇರುದಾರರಿಗೇ ಮೊದಲು ಹೊಸ ಷೇರು ಕೊಳ್ಳುವ ಅವಕಾಶ) ಬಂದರೆ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬಂದಿದೆ ಅಷ್ಟೇ. ಹಣ ಯಾವುದಕ್ಕೆ ಬಳಸುತ್ತೇವೆ ಅಂತ ಆ ದಾಖಲೆಯಲ್ಲಿ ಬರೆದಿರುತ್ತಾರೆ. ಯೋಜನೆ ಮುಗಿಸಲೋ, ಬರೀ ಬಡ್ಡಿ ಕಟ್ಟಲೋ ನೋಡಿ. ಹಣ ಹಾಕದಿರಲು ತೀರ್ಮಾನಿಸಿದರೂ ಸುಮ್ನೆ ಕೂರಬೇಡಿ. ನಿಮ್ಮ ಡಿಮ್ಯಾಟ್‌ಗೆ ಬಂದ ರೈಟ್ಸ್ ಹಕ್ಕನ್ನು ನಿಗದಿತ ದಿನಗಳಲ್ಲಿ ಮಾರುಕಟ್ಟೆಯಲ್ಲೇ ಮಾರಬಹುದು. ಅರ್ಜಿಯನ್ನೂ ಹಾಕದೆ, ಮಾರಲೂ ಇಲ್ಲ ಅಂದರೆ ಅದು ರದ್ದಾಗುತ್ತದೆ, ಇದ್ದ ಪಾಲೂ ಕರಗುತ್ತದೆ.

ಅದೇ ಕಂಪನಿಯ ಸಾಲಪತ್ರ. ಎನ್‌ಸಿಡಿ (ಷೇರಾಗಿ ಬದಲಾಗದ ಸಾಲಪತ್ರ) ಕೊಂಡರೆ ಸರದಿಯಲ್ಲಿ ಹಲವು ಮೆಟ್ಟಿಲು ಮುಂದೆ ಹೋಗುತ್ತೀರಿ. ಅಡಮಾನ ಇರುವ ಎನ್‌ಸಿಡಿಯಾದರೆ ಇನ್ನೂ ಮುಂದೆ. ಕಷ್ಟದ ಕಂಪನಿಯಲ್ಲಿ ಷೇರಿಗಿಂತ ಸಾಲಪತ್ರವೇ ಜಾಣತನ ಅನ್ನುವುದು ದೊಡ್ಡ ಹೂಡಿಕೆದಾರರ ಹಳೆಯ ಲೆಕ್ಕ. ಆದರೆ ಅವರು ಅಡಮಾನದ ಪತ್ರ ಓದುತ್ತಾರೆ, ವಕೀಲರನ್ನು ಇಟ್ಟುಕೊಳ್ಳುತ್ತಾರೆ, ಐದು ವರ್ಷ ಕಾಯುತ್ತಾರೆ. ನಮಗೆ ಸಿಗುವುದು 12 ಪರ್ಸೆಂಟ್ ಬಡ್ಡಿಯ ಜಾಹೀರಾತು. ಬಿಡುವುದೇ ಒಳ್ಳೆಯದು.

ಗಟ್ಟಿ ಕಂಪನಿಯ ಷೇರು. ಮನೆ ಮಾರುಕಟ್ಟೆ ಏರುತ್ತದೆ ಅನ್ನುವುದೇ ನಿಮ್ಮ ನಂಬಿಕೆಯಾದರೆ ಆ ನಂಬಿಕೆಯ ಮೇಲೆ ಹಣ ಹಾಕಲು ಮುಳುಗುತ್ತಿರುವ ಕಂಪನಿಯೇ ಬೇಕಾಗಿಲ್ಲ. ಒಂದು ಡೆವಲಪರ್ ಬಿದ್ದಾಗ ಬ್ಯಾಂಕುಗಳು, ಖರೀದಿದಾರರು, ಜಮೀನು ಮಾಲೀಕರು ಎಲ್ಲರೂ ಸಾಲ ಕಡಿಮೆ ಇರುವ ಡೆವಲಪರ್ ಕಡೆ ತಿರುಗುತ್ತಾರೆ. ನಿಂತುಹೋದ ಯೋಜನೆಗಳೂ ಅವರ ಕೈಗೆ ಅಗ್ಗಕ್ಕೆ ಬರುತ್ತವೆ. ತೊಡಕು ಏನೆಂದರೆ ಈ ವಿಷಯ ಎಲ್ಲರಿಗೂ ಗೊತ್ತು, ಹಾಗಾಗಿ ಷೇರು ದುಬಾರಿ ಇರುತ್ತದೆ. ದುಬಾರಿ ಷೇರು ಅರ್ಧಕ್ಕೆ ಇಳಿಯಬಹುದು. ಆದರೆ ಅರ್ಧಕ್ಕೆ ಇಳಿಯುವುದೂ ಸೊನ್ನೆಯಾಗುವುದೂ ಒಂದೇ ಅಲ್ಲವಲ್ಲ.

ರೀಟ್. ಸಣ್ಣ ಹೂಡಿಕೆದಾರರು ಇದನ್ನು ಇನ್ನೂ ಸರಿಯಾಗಿ ಗಮನಿಸಿಲ್ಲ ಅನ್ನುವುದು ನನ್ನ ಅನಿಸಿಕೆ. ಸೆಬಿ 2014ರಲ್ಲಿ ನಿಯಮ ಮಾಡಿತು. ಮೊದಲನೆಯದು, ಎಂಬಸಿ ಆಫೀಸ್ ಪಾರ್ಕ್ಸ್, 2019ರ ಏಪ್ರಿಲ್‌ನಲ್ಲಿ ಪಟ್ಟಿಯಾಯಿತು. ಆಮೇಲೆ ಮೈಂಡ್‌ಸ್ಪೇಸ್, ಬ್ರೂಕ್‌ಫೀಲ್ಡ್ ಬಂದವು. ಮಾಲ್‌ಗಳದ್ದಾದ ನೆಕ್ಸಸ್ 2023ರಲ್ಲಿ ಬಂತು. ಮೊದಲು ದೊಡ್ಡ ಮೊತ್ತ ಬೇಕಿತ್ತು, 2021ರಿಂದ ಒಂದೇ ಯೂನಿಟ್ ಕೂಡ ಕೊಳ್ಳಬಹುದು.

ಕಷ್ಟದ ಡೆವಲಪರ್ ಷೇರಿನ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ರೀಟ್‌ನ ಆಸ್ತಿಯಲ್ಲಿ ಕನಿಷ್ಠ 80 ಪರ್ಸೆಂಟ್ ಕಟ್ಟಿ ಮುಗಿದು ಬಾಡಿಗೆ ತರುತ್ತಿರಬೇಕು. ಅಂದರೆ ಅರ್ಧಕ್ಕೆ ನಿಂತ ಕಟ್ಟಡದ ತಲೆನೋವು ಹೆಚ್ಚಿಲ್ಲ. ಹಂಚಬಹುದಾದ ನಗದಿನಲ್ಲಿ ಕನಿಷ್ಠ 90 ಪರ್ಸೆಂಟನ್ನು ಯೂನಿಟ್‌ದಾರರಿಗೆ ಹಂಚಲೇಬೇಕು. ಪ್ರವರ್ತಕರು ಆ ದುಡ್ಡನ್ನು ಇನ್ನೊಂದು ಊರಿನ ಜಮೀನಿಗೆ ಹಾಕುತ್ತೇನೆ ಅನ್ನುವ ಹಾಗಿಲ್ಲ. ಸಾಲಕ್ಕೂ ಮಿತಿ ಇದೆ, ಆಸ್ತಿಯ ಮೌಲ್ಯದ 49 ಪರ್ಸೆಂಟ್. ಹಾಗಂತ ಅಪಾಯ ಇಲ್ಲದ್ದಲ್ಲ. ಬಡ್ಡಿ ಏರಿದರೆ ಯೂನಿಟ್ ಬೆಲೆ ಇಳಿಯುತ್ತದೆ. ದೊಡ್ಡ ಐಟಿ ಕಂಪನಿಯೊಂದು ಕಚೇರಿ ಖಾಲಿ ಮಾಡಿದರೆ ಬಾಡಿಗೆ ತಗ್ಗುತ್ತದೆ. ಹತ್ತು ಪಟ್ಟು ಆಗುವ ಕನಸಂತೂ ಇಲ್ಲವೇ ಇಲ್ಲ. ಹೋದ ಹಣವನ್ನು ಬೇಗ ವಾಪಸ್ ಪಡೆಯಬೇಕು ಅನ್ನುವ ಆತುರದವರಿಗೆ ರೀಟ್ ಸಪ್ಪೆ ಅನ್ನಿಸುತ್ತದೆ. ಆ ಆತುರವೇ ಅವರನ್ನು ಮತ್ತೆ ಚಿಲ್ಲರೆ ಬೆಲೆಯ ಪೆನ್ನಿ ಷೇರಿನ ಕಡೆ ಎಳೆಯುವುದು.

ಮಾರುವ ತೀರ್ಮಾನ ಮಾಡಿದರೆ

ಮಾರುವುದಕ್ಕೆ ಒಂದು ಗಡುವು ಇದೆ, ಅದು ಯಾರೂ ಮುಂಚೆ ಹೇಳದ ಗಡುವು. ತೀರಾ ಸೊರಗಿದ ಕಂಪನಿಗಳನ್ನು ವಿನಿಮಯ ಕೇಂದ್ರಗಳು ಜಿಎಸ್‌ಎಂ ಅನ್ನುವ ನಿಗಾ ಪಟ್ಟಿಗೆ ಹಾಕುತ್ತವೆ. ಮೇಲಿನ ಹಂತಗಳಿಗೆ ಹೋದರೆ ವಾರಕ್ಕೊಮ್ಮೆ ಮಾತ್ರ ವಹಿವಾಟು. ದಿವಾಳಿ ಪ್ರಕ್ರಿಯೆಗೆ ಹೋದ ಕಂಪನಿಗಳಿಗೂ ಬೇರೆ ನಿಗಾ ವ್ಯವಸ್ಥೆ ಇದೆ. ಲೋವರ್ ಸರ್ಕ್ಯೂಟ್ ಬಿದ್ದ ದಿನ ಕೊಳ್ಳುವವರೇ ಇರುವುದಿಲ್ಲ. ನಿಮ್ಮ ಮಾರಾಟದ ಆರ್ಡರ್ ಲಕ್ಷಾಂತರ ಷೇರುಗಳ ಹಿಂದೆ ನಿಂತಿರುತ್ತದೆ. ಸ್ಟಾಪ್ ಲಾಸ್ (ಒಂದು ಬೆಲೆಗೆ ಇಳಿದರೆ ತಾನಾಗಿ ಮಾರುವ ಆರ್ಡರ್) ಹಾಕಿದ್ದೇನೆ ಅಂತ ನೆಮ್ಮದಿಯಿಂದ ಇರುವ ಹಾಗಿಲ್ಲ, ಕೊಳ್ಳುವವರಿಲ್ಲದೆ ಅದೂ ನಡೆಯುವುದಿಲ್ಲ. ಹಾಗಾಗಿ ಹೊರಬರುವುದು ಖಚಿತವಾದರೆ ಸಣ್ಣ ಜಿಗಿತ ಬಂದ ದಿನ, ಕೊಳ್ಳುವವರು ಇರುವಾಗ ಹೊರಬನ್ನಿ. ಇನ್ನೆರಡು ರೂಪಾಯಿ ಏರಲಿ ಅಂತ ಕಾದು ಆ ದಿನವನ್ನೂ ಬಿಟ್ಟವರೇ ಹೆಚ್ಚು. ಪೂರ್ತಿ ಮಾರಲು ಮನಸ್ಸು ಬಾರದಿದ್ದರೆ ಮುಕ್ಕಾಲು ಮಾರಿ. ಉಳಿದ ಕಾಲುಭಾಗ ಸೊನ್ನೆಯಾದರೂ ನಿಮ್ಮ ಮನೆ ಲೆಕ್ಕ ಅಲುಗಾಡಬಾರದು, ಅಷ್ಟೇ ಅಳತೆ.

ಮಾರಿದರೆ ತೆರಿಗೆಯಲ್ಲೂ ಒಂದು ಉಪಯೋಗ ಇದೆ. ಪರದೆಯ ಮೇಲಿನ ಕೆಂಪು ಅಂಕಿಗೆ ಆದಾಯ ತೆರಿಗೆಯಲ್ಲಿ ಬೆಲೆ ಇಲ್ಲ. ಮಾರಿದ ಮೇಲೆಯೇ ಅದು ನಷ್ಟ. 12 ತಿಂಗಳೊಳಗೆ ಮಾರಿದರೆ ಅಲ್ಪಾವಧಿ ನಷ್ಟ, ಅದನ್ನು ಅಲ್ಪಾವಧಿ ಮತ್ತು ದೀರ್ಘಾವಧಿ ಎರಡೂ ಬಂಡವಾಳ ಲಾಭದ ಎದುರು ಕಳೆಯಬಹುದು. ಅದಕ್ಕಿಂತ ಹೆಚ್ಚು ಕಾಲ ಇಟ್ಟಿದ್ದರೆ ದೀರ್ಘಾವಧಿ ಲಾಭದ ಎದುರು ಮಾತ್ರ. ಈ ವರ್ಷ ಲಾಭ ಇಲ್ಲದಿದ್ದರೆ ಮುಂದಿನ 8 ವರ್ಷದವರೆಗೆ ನಷ್ಟವನ್ನು ಒಯ್ಯಬಹುದು, ಆದರೆ ರಿಟರ್ನ್ ಅನ್ನು ಗಡುವಿನೊಳಗೆ ಸಲ್ಲಿಸಿರಬೇಕು. ತಡವಾಗಿ ಸಲ್ಲಿಸಿದರೆ ಆ ಅವಕಾಶ ಹೋಯಿತು. ವಹಿವಾಟು ನಿಂತ ಷೇರು ಡಿಮ್ಯಾಟ್‌ನಲ್ಲೇ ಸಿಕ್ಕಿಕೊಂಡರೆ ಮಾರಿ ನಷ್ಟ ತೋರಿಸುವ ಈ ಸುಲಭದ ದಾರಿಯೂ ಮುಚ್ಚುತ್ತದೆ. ಬೇರೆ ಷೇರಿನಲ್ಲಿ ಈ ವರ್ಷ ಲಾಭ ಮಾಡಿದ್ದರೆ ಮಾರ್ಚ್ 31ರ ಮೊದಲೇ ಒಮ್ಮೆ ಲೆಕ್ಕ ಹಾಕಿ ನೋಡಿ.